ಸಾಲದ ನೆಲದಲ್ಲಿ ವಸಂತ

‘ಎಸ್ಟೇಟ್’ ಎಂಬ ಮಾತು ಕಿವಿಗೆ ಬಿದ್ದೊಡನೆ ಕನ್ನಡಿಗರ ಕಣ್ಣಮುಂದೆ ಬರುವುದು ಕೊಡಗು ಅಥವಾ ಚಿಕ್ಕಮಗಳೂರಿನ ಕಾಫಿ ತೋಟ. ಹೂಮಳೆ ಬಿದ್ದು ಎಂಟು ಹತ್ತು ದಿನಗಳು ಕಳೆದವೆಂದರೆ ಬೆಟ್ಟದ ಮೈಯೆಲ್ಲ ಬೆಳ್ಳಗಾಗಿ ಗಾಳಿಯೇ ಮಲ್ಲಿಗೆಯ ವಾಸನೆಯಿಂದ ಭಾರವಾಗುವ ಆ ದೃಶ್ಯವನ್ನು ಮುಂಬಯಿಯ ಎರಡು ಕೋಣೆಗಳ ಮನೆಯಲ್ಲಿದ್ದುಕೊಂಡೂ ನೆನೆಯುವವರು ಹಲವರಿದ್ದಾರೆ. ಇಂಗ್ಲೆಂಡಿನಲ್ಲಿ ಅದೇ ಮಾತಿನ ಅರ್ಥ ಸ್ವಲ್ಪ ಬೇರೆ. ಅರಮನೆಯನ್ನು ಹೋಲುವ ಒಂದು ದೊಡ್ಡ ಮನೆ, ಅದರ ಸುತ್ತ ಹುಲ್ಲುಗಾವಲು ಮತ್ತು ಜಿಂಕೆವನ, ಒಂದು ಕೆರೆ, ಒಂದಿಷ್ಟು ಕಾಡು, ಅದರಾಚೆ ಒಕ್ಕಲುಗಳ ಹೊಲಗಳು. ಇವೆಲ್ಲವೂ ತಲೆಮಾರುಗಳಿಂದ ಒಂದೇ ಮನೆತನಕ್ಕೆ ಸೇರಿರುವುದು. ನಮ್ಮ ಹಿಂದಿನ ಜಹಗೀರುಗಳನ್ನು ಕಂಡವರಿಗೆ ಇದರ ಸ್ವರೂಪ ಬೇಗನೆ ತಿಳಿದೀತು.

ಇಂತಹ ಎಸ್ಟೇಟುಗಳ ಬಾಗಿಲುಗಳು ಸಾರ್ವಜನಿಕರಿಗೆ ತೆರೆದದ್ದು ಹೆಚ್ಚಾಗಿ ಔದಾರ್ಯದಿಂದಲ್ಲ, ತೆರಿಗೆಯಿಂದ. ೧೮೯೪ರಲ್ಲಿ ಬ್ರಿಟನ್ನಿನಲ್ಲಿ ಮರಣಾನಂತರದ ಆಸ್ತಿಯ ಮೇಲೆ ಎಸ್ಟೇಟ್ ತೆರಿಗೆ ಜಾರಿಗೆ ಬಂತು. ೧೯೪೯ರ ಹೊತ್ತಿಗೆ ಅತಿ ದೊಡ್ಡ ಆಸ್ತಿಗಳ ಮೇಲೆ ಅದರ ದರ ಶೇಕಡ ೮೦ಕ್ಕೆ ಏರಿತು. (ಭಾರತದಲ್ಲಿಯೂ ಇದೇ ಹೆಸರಿನ ತೆರಿಗೆ ೧೯೫೩ರಲ್ಲಿ ಬಂದು ೧೯೮೫ರಲ್ಲಿ ರದ್ದಾದುದು ಹಳೆಯ ಬ್ಯಾಂಕು ನೌಕರರಿಗೆ ನೆನಪಿರಬಹುದು.) ತಂದೆ ತೀರಿಕೊಂಡ ಮನೆಯಲ್ಲಿ ಮಗ ಮೊದಲು ಕರೆಸಬೇಕಾದವನು ಲೆಕ್ಕಿಗನೆಂಬ ಸ್ಥಿತಿ ಬಂದೊದಗಿತು. ನೂರಾರು ಮನೆಗಳು ನೆಲಸಮವಾದವು. ಕೆಲವರು ೧೮೯೫ರಲ್ಲಿ ಸ್ಥಾಪಿತವಾಗಿದ್ದ ನ್ಯಾಷನಲ್ ಟ್ರಸ್ಟಿಗೆ ಮನೆಯನ್ನು ಒಪ್ಪಿಸಿ ತಾವು ಅದರ ಒಂದು ಮೂಲೆಯಲ್ಲಿ ವಾಸವಾಗಿದ್ದರು. ಇನ್ನು ಕೆಲವರು ಟಿಕೆಟ್ಟು ಮಾರಲು ನಿಂತರು. ಲಾಂಗ್‌ಲೀಟ್ ಎಂಬ ಮನೆ ೧೯೪೯ರಲ್ಲಿ ಹೀಗೆ ತೆರೆಯಿತು. ಅದು ಸಾಲದೆಂದು ೧೯೬೬ರಲ್ಲಿ ಅಲ್ಲಿ ಸಿಂಹಗಳನ್ನು ತಂದು ಬಿಟ್ಟರು. ಇಂಗ್ಲೆಂಡಿನ ಹಸುರು ಹುಲ್ಲಿನ ಮೇಲೆ ಆಫ್ರಿಕದ ಸಿಂಹ! ಆದಾಯ ಬಂತೆಂಬುದೇನೋ ನಿಜ.

ಆದರೆ ಹೊರಗಿನ ಪ್ರಾಣಿಗಳನ್ನು ತಂದು ತೋರಿಸುವುದಕ್ಕಿಂತ, ಆ ನೆಲದಲ್ಲಿ ಹಿಂದೆ ಬದುಕಿದ್ದ ಪ್ರಾಣಿ ಪಕ್ಷಿಗಳನ್ನೂ ಹೂಗಳನ್ನೂ ಮರಳಿ ಬರಮಾಡಿಕೊಂಡು ಅದರಿಂದಲೇ ಸಾಲ ತೀರಿಸಿದ ಒಂದು ಎಸ್ಟೇಟಿನ ಕಥೆ ಹೆಚ್ಚು ಸ್ವಾರಸ್ಯಕರವಾಗಿದೆ. ಅದು ಲಂಡನ್ನಿನ ದಕ್ಷಿಣಕ್ಕೆ ಸುಮಾರು ಎಪ್ಪತ್ತು ಕಿಲೊಮೀಟರ್ ದೂರದಲ್ಲಿ, ವೆಸ್ಟ್ ಸಸೆಕ್ಸ್ ಪ್ರಾಂತದಲ್ಲಿರುವ ಕ್ನೆಪ್ ಎಸ್ಟೇಟು. ವಿಸ್ತೀರ್ಣ ಸುಮಾರು ೩೫೦೦ ಎಕರೆ. ಬರೆಲ್ ಮನೆತನದವರು ಎರಡು ಶತಮಾನಗಳಿಗೂ ಮೇಲ್ಪಟ್ಟು ಅದರ ಒಡೆಯರು. ಹಳೆಯ ನಾರ್ಮನ್ ಕೋಟೆಯ ಒಂದು ಗೋಡೆ ಮಾತ್ರ ಇಂದು ಹೆದ್ದಾರಿಯ ಬದಿಯಲ್ಲಿ ನಿಂತಿದೆ. ಈಗಿನ ಮನೆಯನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜಾನ್ ನ್ಯಾಶ್ ಎಂಬ ಹೆಸರಾಂತ ವಾಸ್ತುಶಿಲ್ಪಿ ಕಟ್ಟಿಸಿದನು.

೧೯೮೭ರಲ್ಲಿ ಚಾರ್ಲ್ಸ್ ಬರೆಲ್ ಇಪ್ಪತ್ತರ ಹರೆಯದಲ್ಲಿ ಈ ಆಸ್ತಿಗೆ ವಾರಸುದಾರರಾದರು. ಆ ನೆಲ ಜಿಗುಟಾದ ಜೇಡಿಮಣ್ಣಿನದು. ಧಾರವಾಡ, ಬಿಜಾಪುರಗಳ ಎರೆಭೂಮಿಯನ್ನು ಬಲ್ಲವರಿಗೆ ಅದರ ಸ್ವಭಾವವನ್ನು ವಿವರಿಸಬೇಕಾಗಿಲ್ಲ: ಬೇಸಿಗೆಯಲ್ಲಿ ಬಿರುಕುಬಿಟ್ಟು ಕಲ್ಲಾಗುವುದು, ಮಳೆಯಲ್ಲಿ ಕಾಲಿಟ್ಟರೆ ಕಾಲನ್ನೇ ಬಿಡದಿರುವುದು. ಎರೆಭೂಮಿಗಿರುವ ಫಲವತ್ತು ಮಾತ್ರ ಅದಕ್ಕಿಲ್ಲ. ಸಸೆಕ್ಸಿನ ಆಡುಮಾತಿನಲ್ಲಿ ಕೆಸರಿಗೆ ಮೂವತ್ತಕ್ಕೂ ಹೆಚ್ಚು ಹೆಸರುಗಳಿವೆ ಎನ್ನುವರು. ಯುವ ಒಡೆಯರು ಹೊಸ ಯಂತ್ರಗಳನ್ನು ಕೊಂಡರು, ಹೈನುಗಾರಿಕೆಯನ್ನು ವಿಸ್ತರಿಸಿದರು, ಗೊಬ್ಬರ ಮತ್ತು ಔಷಧಿಗಳನ್ನು ಸುರಿದರು. ಇಳುವರಿ ಏರಿತು, ಖರ್ಚು ಅದಕ್ಕಿಂತ ಮುಂದೆ ಓಡಿತು. ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಸಾಲ ಹದಿನೈದು ಲಕ್ಷ ಪೌಂಡುಗಳಷ್ಟಾಗಿತ್ತು. ಯಾವ ಬ್ಯಾಂಕಿನ ಅಧಿಕಾರಿಯೂ ಇಂತಹ ಖಾತೆಯನ್ನು ಕಂಡು ನೆಮ್ಮದಿಯಾಗಿ ನಿದ್ರಿಸಲಾರನು. ಆಸ್ತಿ ಅಪಾರ, ಆದರೆ ಅದು ದುಡಿಯುತ್ತಿಲ್ಲ. ಮಾರಿದರೆ ಮನೆತನದ ಹೆಸರು ಹೋಗುತ್ತದೆ, ಉಳಿಸಿಕೊಂಡರೆ ಬಡ್ಡಿ ಬೆಳೆಯುತ್ತದೆ.

ಅದೇ ಕಾಲಕ್ಕೆ ಮನೆಯ ಸಮೀಪದ ಐದು ಶತಮಾನಗಳಿಗೂ ಹಳೆಯದಾದ ಓಕ್ ಮರವೊಂದನ್ನು ನೋಡಲು ಟೆಡ್ ಗ್ರೀನ್ ಎಂಬ ವೃಕ್ಷತಜ್ಞರು ಬಂದರು. ಆ ಮರಕ್ಕಿಂತಲೂ ಸುತ್ತಲಿನ ಇತರ ಓಕ್‌ಗಳ ಸ್ಥಿತಿ ಅವರಿಗೆ ಕಳವಳವನ್ನುಂಟುಮಾಡಿತು. ಬುಡದವರೆಗೂ ನೇಗಿಲು ಹೋಗಿ ಬೇರುಗಳು ಕಡಿದಿದ್ದವು. ಬೇರಿಗೆ ಆಹಾರ ಒದಗಿಸುವ ಮಣ್ಣಿನೊಳಗಿನ ಶಿಲೀಂಧ್ರಗಳು ರಾಸಾಯನಿಕಗಳಿಂದ ನಾಶವಾಗಿದ್ದವು. ನೂರಾರು ವರ್ಷ ಬದುಕಬೇಕಾದ ಮರಗಳು ನಡುಹರೆಯದಲ್ಲಿಯೇ ಸಾಯುತ್ತಿದ್ದವು. ೨೦೦೦ದಲ್ಲಿ ಹಾಲಿನ ಹಸುಗಳೂ ಯಂತ್ರಗಳೂ ಹರಾಜಾದವು. ಮನೆಯ ಸುತ್ತಲಿನ ಉದ್ಯಾನಭೂಮಿಯನ್ನು ಉಳುವುದನ್ನು ನಿಲ್ಲಿಸಿ, ಸರಕಾರದ ನೆರವಿನಿಂದ ಹುಲ್ಲುಗಾವಲಾಗಿ ಮಾರ್ಪಡಿಸಿದರು. ಅನಂತರ, ಫ್ರಾನ್ಸ್ ವೇರಾ ಎಂಬ ಡಚ್ ವಿಜ್ಞಾನಿಯ ವಿಚಾರಗಳಿಂದ ಪ್ರೇರಿತರಾಗಿ, ಬೇಲಿಗಳನ್ನು ಕಿತ್ತು ಒಂದೊಂದೇ ಪ್ರಾಣಿಯನ್ನು ತಂದು ಬಿಟ್ಟರು: ಫ್ಯಾಲೋ ಜಿಂಕೆ, ಉದ್ದಕೊಂಬಿನ ಹಳೆಯ ಇಂಗ್ಲಿಷ್ ದನ, ಎಕ್ಸ್‌ಮೂರ್ ಕುದುರೆ, ಕೆಂಗೂದಲಿನ ಟ್ಯಾಮ್‌ವರ್ತ್ ಹಂದಿ. ಕಾಡೆತ್ತು, ಕಾಡುಕುದುರೆ, ಕಾಡುಹಂದಿಗಳು ಒಂದು ಕಾಲದಲ್ಲಿ ಮಾಡುತ್ತಿದ್ದ ಕೆಲಸವನ್ನು ಈ ಸಾಕುತಳಿಗಳು ಮಾಡಬಲ್ಲವೆಂಬುದು ಇದರ ಹಿಂದಿನ ಎಣಿಕೆ.

ಈ ಎಣಿಕೆಯ ಮರ್ಮವನ್ನು ತಿಳಿಯದೆ ಅಲ್ಲಿನ ವಸಂತವನ್ನು ಅರ್ಥಮಾಡಿಕೊಳ್ಳಲು ಬಾರದು. ಭೂಮಿಯನ್ನು ಸುಮ್ಮನೆ ಬಿಟ್ಟರೆ ಕೆಲವು ದಶಕಗಳಲ್ಲಿ ಅದು ದಟ್ಟ ಕಾಡಾಗಿ ನೆಲಕ್ಕೆ ಬಿಸಿಲೇ ಬೀಳದಂತಾಗುತ್ತದೆ, ಹೂಗಳಿಗೆ ಅವಕಾಶವಿರುವುದಿಲ್ಲ. ದನಗಳನ್ನು ಮಿತಿಮೀರಿ ಬಿಟ್ಟರೆ ಬೋಳು ಹುಲ್ಲುಗಾವಲಾಗುತ್ತದೆ. ಇವೆರಡರ ನಡುವೆ ಒಂದು ಎಳೆದಾಟ ನಡೆಯುತ್ತಿದ್ದರೆ ಮಾತ್ರ ಪೊದೆ, ಬಯಲು, ಮರ, ಕೊಳ ಎಲ್ಲವೂ ಒಂದರ ಪಕ್ಕದಲ್ಲೊಂದು ಇರುತ್ತವೆ. ದನ ಚಿಗುರನ್ನು ಮುರಿಯುತ್ತದೆ. ಕುದುರೆ ಒರಟು ಹುಲ್ಲನ್ನು ಕತ್ತರಿಸುತ್ತದೆ. ಹಂದಿ ಮೂತಿಯಿಂದ ನೆಲವನ್ನು ಉಳುತ್ತದೆ. ಹಂದಿ ಕೆದರಿದ ಹಸಿಮಣ್ಣಿನಲ್ಲಿ ಸ್ಯಾಲೋ ಎಂಬ ನೀರುಗಿಡದ ಬೀಜ ಮೊಳೆಯುತ್ತದೆ, ಒಂಟಿ ಜೇನುಹುಳುಗಳು ಗೂಡು ತೋಡುತ್ತವೆ. ಕೊಳದಲ್ಲಿ ಮುಳುಗಿ ತಳದ ಚಿಪ್ಪುಗಳನ್ನು ಹೆಕ್ಕಿ ತಿನ್ನುವ ಹಂದಿಗಳನ್ನು ಕಂಡು ಒಡೆಯರೇ ಬೆರಗಾದರಂತೆ. ಇನ್ನು ಓಕ್ ಮರವನ್ನು ನೆಡುವವನು ಮನುಷ್ಯನಲ್ಲ, ಜೇ ಎಂಬ ಬಣ್ಣದ ಕಾಗೆ. ಶರತ್ಕಾಲದಲ್ಲಿ ಅದು ಸಾವಿರಾರು ಓಕ್ ಬೀಜಗಳನ್ನು ಹೂತಿಡುತ್ತದೆ. ಗುರುತಿಗೆಂದು ಮುಳ್ಳುಪೊದೆಯ ಬಳಿ ಹೂತ ಬೀಜ ಮರೆತುಹೋದರೆ ಅಲ್ಲಿಯೇ ಸಸಿಯಾಗುತ್ತದೆ. ಜಿಂಕೆಯ ಬಾಯಿಂದ ಅದನ್ನು ಕಾಪಾಡುವುದು ಆ ಮುಳ್ಳು. ನಮ್ಮ ಹಳ್ಳಿಗಳಲ್ಲಿ ಎಳೆಯ ಸಸಿಯ ಸುತ್ತ ಜಾಲಿಮುಳ್ಳು ಕಟ್ಟುವ ಪದ್ಧತಿಯನ್ನು ಪ್ರಕೃತಿಯೇ ಅಲ್ಲಿ ನಡೆಸಿಕೊಂಡು ಬಂದಿದೆ.

ನಮ್ಮ ಪಂಚಾಂಗದ ವಸಂತ ಚೈತ್ರದಲ್ಲಿ ಬಂದು, ವೈಶಾಖದ ಬಿಸಿಲಿನಲ್ಲಿ ಮುಗಿದುಹೋಗುತ್ತದೆ. ಅಲ್ಲಿಯ ವಸಂತ ನಿಧಾನಿ. ಮಾರ್ಚಿಯಲ್ಲಿ ಇನ್ನೂ ಎಲೆಯಿಲ್ಲದ ಸ್ಯಾಲೋ ಗಿಡದ ಮೇಲೆ ಬೆಳ್ಳಿಯ ಬಣ್ಣದ ಮೃದುವಾದ ಮೊಗ್ಗುಗಳು ಮೂಡಿ ಹಳದಿ ಪರಾಗವನ್ನು ಚೆಲ್ಲುತ್ತವೆ. ಚಳಿಗಾಲವೆಲ್ಲ ನೆಲದೊಳಗೆ ಮಲಗಿದ್ದ ಹೆಜ್ಜೇನಿನ ಗಾತ್ರದ ಬಂಬಲ್‌ಬೀ ರಾಣಿಗೆ ವರ್ಷದ ಮೊದಲ ಊಟ ಇದೇ. ಅದರ ಬೆನ್ನಿಗೆ ಬ್ಲ್ಯಾಕ್‌ಥಾರ್ನ್ ಎಂಬ ಮುಳ್ಳುಗಿಡ ಬರಿಯ ಕಪ್ಪು ಕೊಂಬೆಯ ಮೇಲೆ ಬಿಳಿಯ ಹೂಗಳನ್ನು ಹೊದೆಯುತ್ತದೆ. ದೂರದಿಂದ ನೋಡಿದವರು ಹಿಮವೆಂದು ಭ್ರಮಿಸುವುದುಂಟು. ಬೇಲಿಯ ಬುಡದಲ್ಲಿ ತಿಳಿಹಳದಿಯ ಪ್ರಿಮ್‌ರೋಸ್. ಏಪ್ರಿಲ್ ಕಡೆಯ ಭಾಗದಿಂದ ಮೇ ನಡುವಿನವರೆಗೆ ಹಳೆಯ ಕಾಡಿನ ನೆರಳಿನಲ್ಲಿ ಬ್ಲೂಬೆಲ್.

ಬ್ಲೂಬೆಲ್ಲಿನ ವಿಷಯದಲ್ಲಿ ಎರಡು ಮಾತು ಹೆಚ್ಚು ಹೇಳಬೇಕು. ಜಗತ್ತಿನಲ್ಲಿರುವ ಈ ಹೂವಿನ ಅರ್ಧದಷ್ಟು ಪಾಲು ಬ್ರಿಟನ್ನಿನಲ್ಲಿಯೇ ಇದೆಯೆಂದು ಅಂದಾಜು. ಮೇಲಿನ ಮರಗಳು ಎಲೆಬಿಟ್ಟು ಛತ್ರಿ ಹಿಡಿಯುವ ಮುನ್ನ ದೊರೆಯುವ ಕೆಲವೇ ವಾರಗಳ ಬಿಸಿಲಿನಲ್ಲಿ ಅದು ಚಿಗುರಿ, ಹೂಬಿಟ್ಟು, ಮುಂದಿನ ವರ್ಷಕ್ಕೆ ಬೇಕಾದ ಬಂಡವಾಳವನ್ನು ಗೆಡ್ಡೆಯಲ್ಲಿ ಜಮಾ ಮಾಡಬೇಕು. ಬೀಜದಿಂದ ಹೂವಾಗಲು ಐದಾರು ವರ್ಷಗಳು ಬೇಕು. ಆದುದರಿಂದ ಒಂದು ಛಾಯಾಚಿತ್ರಕ್ಕಾಗಿ ಹೂಗಳ ನಡುವೆ ಕಾಲಿಟ್ಟು ಎಲೆಗಳನ್ನು ತುಳಿದರೆ ಆ ಗಿಡದ ಒಂದು ವರ್ಷದ ಗಳಿಕೆಯನ್ನೇ ಕಸಿದಂತಾಗುತ್ತದೆ. ಭೂಮಾಲೀಕನ ಒಪ್ಪಿಗೆಯಿಲ್ಲದೆ ಗೆಡ್ಡೆಯನ್ನು ಕೀಳುವುದು ೧೯೮೧ರ ವನ್ಯಜೀವಿ ಕಾನೂನಿನಂತೆ ಅಪರಾಧ.

ಏಪ್ರಿಲ್ ನಡುವಿನಿಂದ ಅಲ್ಲಿ ಕೇಳಿಬರುವ ‘ಕುಕ್ಕೂ’ ನಮ್ಮ ಕೋಗಿಲೆಯ ಬಳಗದ್ದೇ. ಬಣ್ಣದಲ್ಲಿ ಬೂದು, ದನಿಯಲ್ಲಿ ಎರಡೇ ಸ್ವರ. ನಮ್ಮದು ಕಾಗೆಯ ಗೂಡಿನಲ್ಲಿ ಮೊಟ್ಟೆಯಿಟ್ಟರೆ ಅದು ಗುಬ್ಬಚ್ಚಿಯಷ್ಟು ಸಣ್ಣ ಹಕ್ಕಿಗಳ ಗೂಡಿನಲ್ಲಿಡುತ್ತದೆ. ತನಗಿಂತ ಎಷ್ಟೋ ಪಾಲು ದೊಡ್ಡದಾದ ಮರಿಗೆ ಆ ಬಡಪಾಯಿ ಸಾಕುತಾಯಿ ಹೆಗಲ ಮೇಲೆ ನಿಂತು ಉಣಿಸಬೇಕಾಗುತ್ತದೆ.

ಆದರೆ ಕ್ನೆಪ್‌ಗೆ ವಸಂತದಲ್ಲಿ ಜನ ಮುಖ್ಯವಾಗಿ ಹೋಗುವುದು ನೈಟಿಂಗೇಲ್ ಪಕ್ಷಿಯ ಹಾಡನ್ನು ಕೇಳಲಿಕ್ಕೆ. ಇದನ್ನು ನಮ್ಮಲ್ಲಿ ‘ಬುಲ್‌ಬುಲ್’ ಎಂದು ಅನುವಾದಿಸುವುದು ರೂಢಿ. ಪಾರಸಿ ಕಾವ್ಯದ ಬುಲ್‌ಬುಲ್ ನೈಟಿಂಗೇಲೇ ಹೌದು. ಆದರೆ ನಮ್ಮ ತೋಟಗಳಲ್ಲಿ ಜುಟ್ಟು ನಿಮಿರಿಸಿಕೊಂಡು ಕುಳಿತಿರುವ ಬುಲ್‌ಬುಲ್ ಪಿಕಳಾರ, ಅದು ಬೇರೆಯೇ ಹಕ್ಕಿ. ನೈಟಿಂಗೇಲ್ ಕಂದುಬಣ್ಣದ, ಯಾರೂ ಎರಡನೆಯ ಸಲ ನೋಡದ ಸಾಮಾನ್ಯ ರೂಪದ್ದು. ಪಶ್ಚಿಮ ಆಫ್ರಿಕದಲ್ಲಿ ಚಳಿಗಾಲವನ್ನು ಕಳೆದು ಏಪ್ರಿಲಿನಲ್ಲಿ ಸಹಾರಾ ಮರುಭೂಮಿಯನ್ನೂ ಸಮುದ್ರವನ್ನೂ ದಾಟಿ ಬರುತ್ತದೆ. ಹಾಡುವುದು ಗಂಡು. ಮೊದಲು ಬಂದು ಪೊದೆಯೊಂದನ್ನು ಹಿಡಿದು, ರಾತ್ರಿ ಆಕಾಶದಲ್ಲಿ ಹಾದುಹೋಗುವ ಹೆಣ್ಣನ್ನು ಕೆಳಗೆ ಕರೆಯಲು ಕತ್ತಲಲ್ಲಿ ಹಾಡುತ್ತದೆ. ಜೋಡಿ ದೊರೆತ ಮೇಲೆ ರಾತ್ರಿಯ ಹಾಡು ಕಡಿಮೆಯಾಗುತ್ತದೆ. ಬ್ರಿಟನ್ನಿನಲ್ಲಿ ಸುಮಾರು ಅರ್ಧ ಶತಮಾನದಲ್ಲಿ ಇದರ ಸಂಖ್ಯೆ ಶೇಕಡ ೯೦ರಷ್ಟು ಕುಸಿದಿದೆ. ಕ್ನೆಪ್‌ನಲ್ಲಿ ೧೯೯೯ರಲ್ಲಿ ಒಂಬತ್ತು ಕಡೆಗಳಲ್ಲಿ ಹಾಡು ಕೇಳಿಬಂದಿತ್ತು. ೨೦೧೨ರ ಸಮೀಕ್ಷೆಯಲ್ಲಿ ೩೪ ಕಡೆಗಳಲ್ಲಿ. ಯಾರೂ ಈ ಹಕ್ಕಿಯನ್ನು ತಂದು ಬಿಡಲಿಲ್ಲ. ಉಳುಮೆ ನಿಂತ ಹೊಲಗಳಿಗೆ ಬೇಲಿಯ ಮುಳ್ಳುಗಿಡಗಳು ಹರಡಿ, ಒಳಗೆ ಟೊಳ್ಳಾಗಿ ಹೊರಗೆ ನೆಲಮುಟ್ಟುವ ಪೊದೆಗಳಾದವು. ನೈಟಿಂಗೇಲಿಗೆ ಬೇಕಾದದ್ದು ಅದೇ ಮನೆ. ಅಚ್ಚುಕಟ್ಟಾದ ಬೇಸಾಯಗಾರನು ಮೊದಲು ಕಡಿದೆಸೆಯುವುದೂ ಅದನ್ನೇ.

ಬಿಳಿ ಕೊಕ್ಕರೆಯದು ಇದಕ್ಕೆ ವಿರುದ್ಧವಾದ ಕಥೆ. ಅದನ್ನು ತಂದೇ ಬಿಡಬೇಕಾಯಿತು. ಬ್ರಿಟನ್ನಿನಲ್ಲಿ ಅದು ಗೂಡುಕಟ್ಟಿದ್ದಕ್ಕೆ ಹಳೆಯ ದಾಖಲೆ ೧೪೧೬ರದು, ಎಡಿನ್‌ಬರೊ ನಗರದ ಸೇಂಟ್ ಜೈಲ್ಸ್ ಚರ್ಚಿನ ಮೇಲೆ. ಕ್ನೆಪ್‌ನಿಂದ ಕೆಲವೇ ಮೈಲು ದೂರದ ಸ್ಟಾರಿಂಗ್‌ಟನ್ ಎಂಬ ಊರಿನ ಹೆಸರಿನಲ್ಲಿಯೇ ಕೊಕ್ಕರೆ ಅಡಗಿದೆ. ೨೦೧೬ರಲ್ಲಿ ಪೋಲೆಂಡಿನ ವಾರ್ಸಾ ಮೃಗಾಲಯದಿಂದ ಗಾಯಗೊಂಡು ಚೇತರಿಸಿಕೊಂಡಿದ್ದ ಪಕ್ಷಿಗಳನ್ನು ತರಿಸಿದರು. ೨೦೧೯ರಲ್ಲಿ ಒಂದು ಜೋಡಿ ಮೊಟ್ಟೆಯಿಟ್ಟರೂ ಮರಿಯಾಗಲಿಲ್ಲ. ೨೦೨೦ರ ಮೇ ತಿಂಗಳಲ್ಲಿ, ಜಗತ್ತೆಲ್ಲ ಸಾಂಕ್ರಾಮಿಕದಿಂದ ಮನೆಯೊಳಗೆ ಕುಳಿತಿದ್ದಾಗ, ಓಕ್ ಮರದ ಮೇಲಿನ ಗೂಡಿನಲ್ಲಿ ಮರಿಗಳು ಒಡೆದವು. ಕೊಕ್ಕರೆಗೆ ಹಾಡು ಬಾರದು. ಕತ್ತನ್ನು ಹಿಂದಕ್ಕೆ ಬಾಗಿಸಿ ಕೊಕ್ಕನ್ನು ಟಕಟಕನೆ ಬಡಿಯುವುದೇ ಅದರ ಮಾತು. ಮದ್ದೂರಿನ ಹತ್ತಿರದ ಕೊಕ್ಕರೆ ಬೆಳ್ಳೂರಿನಲ್ಲಿ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆ ಮತ್ತು ಹೆಜ್ಜಾರ್ಲೆಗಳು ಊರವರೊಡನೆ ಬಾಳುವುದನ್ನು ಕಂಡವರಿಗೆ, ಹಿಂಡು ಹಿಂಡಾಗಿ ಆಂಗ್ಲರು ದುರ್ಬೀನು ಹಿಡಿದು ಒಂದೆರಡು ಗೂಡುಗಳಿಗೆ ಮುಖವೆತ್ತಿ ನಿಲ್ಲುವುದು ವಿಚಿತ್ರವೆನಿಸಬಹುದು. ಕಳೆದುಕೊಂಡವರಿಗಷ್ಟೇ ಗೊತ್ತು ಅದರ ಬೆಲೆ.

ಮೇ ತಿಂಗಳಿನಲ್ಲಿ ಹಾಥಾರ್ನ್ ಬೇಲಿಗಳು ಹೂವೇರುತ್ತವೆ. ಉದ್ದಕೊಂಬಿನ ಹಸುಗಳ ಪಕ್ಕದಲ್ಲಿ ಎಳಗರುಗಳಿರುತ್ತವೆ. ಈದ ಹಸು ಕರುವನ್ನು ಗಿಡಗಳ ಮರೆಯಲ್ಲಿ ಅಡಗಿಸಿ ತಾನು ಮೇಯಲು ಹೋಗುತ್ತದೆ. ಒಂಟಿ ಕರುವನ್ನು ಕಂಡು ತಾಯಿ ಬಿಟ್ಟುಹೋಯಿತೆಂದು ಮರುಗಿ ಮುಟ್ಟಲು ಹೋಗಬಾರದು. ನಾಯಿಯನ್ನು ಬಿಟ್ಟುಕೊಂಡು ನಡೆಯುವುದಂತೂ ಅಪಾಯಕರ. ತೋಳ ಇಂಗ್ಲೆಂಡಿನಿಂದ ಶತಮಾನಗಳ ಹಿಂದೆಯೇ ಮರೆಯಾದರೂ ಹಸುವಿನ ನೆನಪಿನಲ್ಲಿ ನಾಯಿ ಇನ್ನೂ ತೋಳವೇ.

ಇದೆಲ್ಲವೂ ಊರವರಿಗೆ ಹಿತವಾಗಲಿಲ್ಲ. ಚೊಕ್ಕ ಹೊಲಗಳ ನಾಡಿನಲ್ಲಿ ಮುಳ್ಳು, ಕಳೆ ಬೆಳೆಯಗೊಡುವುದು ಪೂರ್ವಜರಿಗೆ ಮಾಡಿದ ಅವಮಾನವೆಂದು ನೆರೆಯವರು ದೂರಿದರು. ಯುದ್ಧಕಾಲದ ಹಸಿವನ್ನು ಕಂಡಿದ್ದ ಹಿರಿಯರಿಗೆ ಬೆಳೆ ತೆಗೆಯಬಹುದಾದ ಭೂಮಿಯನ್ನು ಬೀಳುಬಿಡುವುದು ಪಾಪವೆನಿಸಿದ್ದರೆ ಅದನ್ನು ಅಲ್ಲಗಳೆಯುವಂತಿಲ್ಲ. ರ‍್ಯಾಗ್‌ವರ್ಟ್ ಎಂಬ ಹಳದಿ ಹೂವಿನ ಕಳೆಯ ಬಗೆಗೆ ಹೆಚ್ಚಿನ ಗಲಾಟೆ ಎದ್ದಿತು, ಏಕೆಂದರೆ ಒಣಹುಲ್ಲಿನಲ್ಲಿ ಬೆರೆತರೆ ಅದು ಕುದುರೆ ದನಗಳಿಗೆ ವಿಷ. ಹಸಿಯಾಗಿ ನಿಂತಿರುವಾಗ ಪ್ರಾಣಿಗಳು ಅದನ್ನು ಮೂಸಿ ಬಿಟ್ಟುಬಿಡುತ್ತವೆ. ಮುಳ್ಳುಕಳೆಯ ಜಗಳಕ್ಕೆ ಉತ್ತರ ೨೦೦೯ರಲ್ಲಿ ಆಕಾಶದಿಂದಲೇ ಬಂತು: ಆ ವರ್ಷ ದಕ್ಷಿಣದಿಂದ ಬ್ರಿಟನ್ನಿಗೆ ವಲಸೆ ಬಂದ ಪೇಂಟೆಡ್ ಲೇಡಿ ಎಂಬ ಚಿಟ್ಟೆಗಳ ಮರಿಹುಳುಗಳು ಆ ಕಳೆಯನ್ನು ಮೇದು ಮುಗಿಸಿದವು.

ಇನ್ನು ಲೆಕ್ಕಪತ್ರ. ೨೦೧೦ರಿಂದ ಇಡೀ ಎಸ್ಟೇಟಿಗೆ ಪರಿಸರ ರಕ್ಷಣೆಯ ಸರಕಾರಿ ಸಹಾಯಧನ ದೊರೆಯಿತು. ಇದನ್ನು ಬದಿಗಿಟ್ಟು ಕ್ನೆಪ್‌ನ ಯಶಸ್ಸನ್ನು ಹೊಗಳುವುದು ಪ್ರಾಮಾಣಿಕವಲ್ಲ. ಬೇಡವಾದ ಹಳೆಯ ಕೊಟ್ಟಿಗೆ, ಕಣಜಗಳನ್ನು ಕಚೇರಿಗಳಿಗೂ ಸಣ್ಣ ಉದ್ಯಮಗಳಿಗೂ ಬಾಡಿಗೆಗೆ ಕೊಟ್ಟರು. ೨೦೧೪ರಿಂದ ತೆರೆದ ವಾಹನಗಳಲ್ಲಿ ಪ್ರಾಣಿ ದರ್ಶನವೂ ಡೇರೆಗಳಲ್ಲಿ ವಸತಿಯೂ ಆರಂಭವಾದವು. ಒಡೆಯರ ಪತ್ನಿ ಇಸಬೆಲ್ಲಾ ಟ್ರೀ ೨೦೧೮ರಲ್ಲಿ ಬರೆದ ‘ವೈಲ್ಡಿಂಗ್’ ಎಂಬ ಗ್ರಂಥ ಜನರನ್ನು ಇನ್ನಷ್ಟು ಸೆಳೆಯಿತು. ತೋಳವಿಲ್ಲದ ನೆಲದಲ್ಲಿ ಪ್ರಾಣಿಗಳ ಸಂಖ್ಯೆಯನ್ನು ಹಿಡಿತದಲ್ಲಿಡುವುದು ಮನುಷ್ಯನ ಕೆಲಸವಾದುದರಿಂದ ವರ್ಷಕ್ಕೆ ಸುಮಾರು ಎಪ್ಪತ್ತೈದು ಟನ್ ತೂಕದ ಪ್ರಾಣಿಗಳು ಮಾಂಸಕ್ಕಾಗಿ ಹೋಗುತ್ತವೆ. ಸಸ್ಯಾಹಾರಿ ವಾಚಕರಿಗೆ ಇದು ಅಪ್ರಿಯವಾದೀತು. ಆದರೆ ಜಮೆಯ ಬದಿಯಲ್ಲಿರುವ ಬಾಬನ್ನು ಮುಚ್ಚಿಡುವಂತಿಲ್ಲ. ನಷ್ಟದ ಖಾತೆ ಲಾಭಕ್ಕೆ ತಿರುಗಿತೆಂಬುದು ಸತ್ಯ. ಫಲವತ್ತಾದ ಭೂಮಿಯಿದ್ದು ಬೆಳೆಯನ್ನೇ ನಂಬಿದ ಸಣ್ಣ ರೈತನಿಗೆ ಈ ಮಾರ್ಗ ಹಿಡಿಸಲಾರದು. ಬೆಳೆಗೆ ಒಗ್ಗದ ನೆಲ, ದೊಡ್ಡ ವಿಸ್ತೀರ್ಣ, ರಾಜಧಾನಿಯ ಸಾಮೀಪ್ಯ ಮೂರೂ ಕೂಡಿಬಂದದ್ದರಿಂದ ಇದು ಸಾಧ್ಯವಾಯಿತು.

ಮಕ್ಕಳು ಲಂಡನ್ನಿನಲ್ಲಿ ಉದ್ಯೋಗದಲ್ಲಿದ್ದು ಬೇಸಗೆಗೆ ಅಲ್ಲಿಗೆ ಹೋಗುವ ತಂದೆತಾಯಿಗಳು ನಮ್ಮ ನಗರಗಳ ಕನ್ನಡಿಗರಲ್ಲಿ ಈಗ ಕಡಿಮೆಯಲ್ಲ. ಅಂಥವರಿಗೆ ಒಂದು ದಿನದ ನಡಿಗೆಗೆ ಈ ಸ್ಥಳ ಹೇಳಿಮಾಡಿಸಿದಂತಿದೆ. ಲಂಡನ್ನಿನ ವಿಕ್ಟೋರಿಯಾ ನಿಲ್ದಾಣದಿಂದ ರೈಲಿನಲ್ಲಿ ಹಾರ್ಷಮ್‌ವರೆಗೆ ಸುಮಾರು ಒಂದು ಗಂಟೆಯ ಪ್ರಯಾಣ, ಅಲ್ಲಿಂದ ಮುಂದೆ ಹತ್ತು ಕಿಲೊಮೀಟರಿನಷ್ಟು ರಸ್ತೆ. ಎಸ್ಟೇಟಿನೊಳಗೆ ಹದಿನಾರು ಮೈಲುಗಳಷ್ಟು ಕಾಲುದಾರಿ ಯಾರಿಗಾದರೂ ತೆರೆದಿದೆ, ನಡೆಯುವುದಕ್ಕೆ ಟಿಕೆಟ್ಟಿಲ್ಲ. ಕೆಲವು ಓಕ್ ಮರಗಳ ಮೇಲೆ ಅಟ್ಟಣೆಗಳಿವೆ. ಮೊಣಕಾಲು ನೋವಿರುವವರು ಮೆಟ್ಟಿಲನ್ನು ನೋಡಿಕೊಂಡು ಹತ್ತಬೇಕು.

ಆರೋಗ್ಯದ ದೃಷ್ಟಿಯಿಂದ ಮೂರು ಎಚ್ಚರಿಕೆಗಳು ಅಗತ್ಯ. ಜಿಂಕೆಗಳಿರುವ ಎತ್ತರದ ಹುಲ್ಲಿನಲ್ಲಿ ಉಣ್ಣೆಗಳಿರುತ್ತವೆ. ಮಲೆನಾಡಿನವರು ಉಣುಗು ಎನ್ನುವುದು ಇದನ್ನೇ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಬೆಳಕಿಗೆ ಬಂದ ಮಂಗನ ಕಾಯಿಲೆ ಉಣ್ಣೆಯಿಂದ ಹರಡುವ ವೈರಾಣುವಿನದು. ಇಂಗ್ಲೆಂಡಿನ ಉಣ್ಣೆ ಹರಡಬಹುದಾದ ಲೈಮ್ ರೋಗ ಬೇರೆ, ಅದು ಬ್ಯಾಕ್ಟೀರಿಯದಿಂದ ಬರುವುದು, ಸಕಾಲದಲ್ಲಿ ಜೀವಿರೋಧಕ ಔಷಧಿಗಳಿಂದ ಗುಣವಾಗುವುದು. ಷರಾಯಿಯ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ ನಡೆಯಬೇಕು. ಸೀರೆಯುಟ್ಟ ಮಹಿಳೆಯರು ಅಗಲವಾದ ದಾರಿಗಳನ್ನೇ ಹಿಡಿಯುವುದು ಮೇಲು. ಮನೆಗೆ ಬಂದ ಮೇಲೆ ಮೊಣಕಾಲಿನ ಹಿಂಭಾಗ, ತೊಡೆಸಂದು, ಕಂಕುಳು, ಕೂದಲಿನ ಬುಡಗಳನ್ನು ಪರೀಕ್ಷಿಸಬೇಕು. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಮೇಲಕ್ಕೆಳೆಯಬೇಕು. ಎಣ್ಣೆ ಹಚ್ಚುವುದು, ಬೆಂಕಿ ತಾಗಿಸುವುದು ಸಲ್ಲದು. ಮುಂದಿನ ವಾರಗಳಲ್ಲಿ ಆ ಜಾಗದ ಸುತ್ತ ಕೆಂಪು ವೃತ್ತ ಹರಡಿದರೆ, ಇಲ್ಲವೆ ಜ್ವರ ಬಂದರೆ, ಊರಿಗೆ ಮರಳಿದ ಮೇಲಾದರೂ ವೈದ್ಯರಿಗೆ ಇಂಗ್ಲೆಂಡಿನ ಹುಲ್ಲಿನಲ್ಲಿ ನಡೆದ ಸಂಗತಿಯನ್ನು ತಪ್ಪದೆ ತಿಳಿಸಬೇಕು. ನಮ್ಮ ಕಪ್ಪು ಚರ್ಮದ ಮೇಲೆ ಆ ಕೆಂಪು ಸುಲಭವಾಗಿ ಕಾಣುವುದಿಲ್ಲವೆಂಬುದೂ ನೆನಪಿರಲಿ.

ಪರಾಗದಿಂದ ಬರುವ ನೆಗಡಿ ಎರಡನೆಯದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಮರಗಳ ಪರಾಗ, ಮೇ ಕೊನೆಯಿಂದ ಹುಲ್ಲಿನ ಪರಾಗ ಗಾಳಿಯಲ್ಲಿ ತುಂಬಿರುತ್ತದೆ. ಉಬ್ಬಸವಿರುವವರು ತಮ್ಮ ಔಷಧಿಯನ್ನು ಜೇಬಿನಲ್ಲಿಟ್ಟುಕೊಂಡೇ ಹೊರಡಬೇಕು.

ಮೂರನೆಯದು ಮೊಮ್ಮಕ್ಕಳ ಕೈಗೆ ಸಂಬಂಧಿಸಿದ್ದು. ಮೇ ಕೊನೆಗೆ ಆ ಪ್ರಾಂತದ ಕಾಡಂಚುಗಳಲ್ಲಿ ನೇರಳೆಗೆಂಪಿನ ಗಂಟೆಗಳನ್ನು ಸಾಲಾಗಿ ತೂಗುಹಾಕಿದಂತೆ ನಿಲ್ಲುವ ಫಾಕ್ಸ್‌ಗ್ಲವ್ ಅತ್ಯಂತ ಮೋಹಕವಾದ ಹೂವು. ಅದರ ಎಲೆ, ಹೂ, ಬೀಜ ಎಲ್ಲವೂ ವಿಷ. ೧೭೮೫ರಲ್ಲಿ ವಿಲಿಯಂ ವಿದರಿಂಗ್ ಎಂಬ ವೈದ್ಯರು ಇದೇ ಗಿಡದ ಔಷಧ ಗುಣವನ್ನು ಕುರಿತು ಗ್ರಂಥ ಬರೆದು, ಜಲೋದರದಿಂದ ಮೈ ಊದಿದ ರೋಗಿಗಳಿಗೆ ಅದನ್ನು ಎಷ್ಟು ಅಲ್ಪ ಪ್ರಮಾಣದಲ್ಲಿ ಕೊಡಬೇಕೆಂಬುದನ್ನು ವಿವರಿಸಿದರು. ಇಂದು ಹೃದ್ರೋಗಿಗಳು ಸೇವಿಸುವ ಡೈಜಾಕ್ಸಿನ್ ಮಾತ್ರೆ ಅದೇ ಕುಲದ ಇನ್ನೊಂದು ಗಿಡದಿಂದ ಬಂದದ್ದು. ಮಕ್ಕಳು ಬೆರಳಿಗೆ ಟೋಪಿ ತೊಡಿಸಿದಂತೆ ಆ ಹೂವನ್ನು ಸಿಕ್ಕಿಸಿಕೊಳ್ಳುವುದುಂಟು. ಮುಟ್ಟಿದ್ದರೆ ತಿಂಡಿಗೆ ಮುನ್ನ ಕೈತೊಳೆಸಬೇಕು.

ಹೋಗುವುದಾದರೆ ಮೇ ಮೊದಲೆರಡು ವಾರಗಳು ಒಳ್ಳೆಯವು. ಆಗ ಬ್ಲೂಬೆಲ್ ಇನ್ನೂ ಬಾಡಿರುವುದಿಲ್ಲ, ಹಾಥಾರ್ನ್ ಅರಳತೊಡಗಿರುತ್ತದೆ, ಕೊಕ್ಕರೆಗಳು ಗೂಡಿನ ಮೇಲಿರುತ್ತವೆ. ಜೂನ್ ಬಂತೆಂದರೆ ನೈಟಿಂಗೇಲ್ ಮರಿಗಳಿಗೆ ಹುಳು ಹೊರುವ ಕೆಲಸದಲ್ಲಿ ತೊಡಗಿ ಹಾಡನ್ನು ನಿಲ್ಲಿಸಿಬಿಡುತ್ತದೆ; ಪೊದೆಯ ಪಕ್ಕದಲ್ಲಿಯೇ ನಿಂತರೂ ಕಪ್ಪೆ ವಟಗುಟ್ಟಿದಂತಹ ಒಂದು ಒರಟು ದನಿಯ ಹೊರತು ಬೇರೇನೂ ಕೇಳಿಸದು.